ಸುಟ್ಟ ಎಂಜಿನ್ನೂ ಮಿತವ್ಯಯದ ಧರ್ಮವೂ

ಕೈಯಲ್ಲಿ ಹಣ ಸಾಲದವನು ಕೆಟ್ಟುಹೋದ ವಸ್ತುವೊಂದನ್ನು ಸರಿಪಡಿಸಹೊರಟಾಗ ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಕೂಡದು ಎಂಬುದು ಮೇಲುನೋಟಕ್ಕೆ ಲೆಕ್ಕದ ಪ್ರಶ್ನೆಯೇ ಹೊರತು ಧರ್ಮದ ಪ್ರಶ್ನೆಯಾಗಿ ಕಾಣುವುದಿಲ್ಲ. ಇಷ್ಟು ಹಣವಿದೆ, ಇಷ್ಟು ಕೆಲಸವಿದೆ, ಒಂದಕ್ಕೊಂದನ್ನು ಹೊಂದಿಸಿದರೆ ಮುಗಿಯಿತು ಎಂದು ತೋರುತ್ತದೆ. ಮಿತವ್ಯಯವನ್ನು ಹೊಗಳುವವರೂ ಜಿಪುಣತನವನ್ನು ಹಳಿಯುವವರೂ ಇವೆರಡರ ನಡುವಣ ಗಡಿಯನ್ನು ಸಾಮಾನ್ಯವಾಗಿ ಹಣದ ಮೊತ್ತದಿಂದಲೇ ಗುರುತಿಸುತ್ತಾರೆ. ಸ್ವಲ್ಪ ಉಳಿಸಿದರೆ ಮಿತವ್ಯಯ, ಬಹಳ ಉಳಿಸಿದರೆ ಜಿಪುಣತನ. ಈ ಅಳತೆಗೋಲು ಸರಿಯಾದದ್ದಲ್ಲ. ಕಾಸನ್ನೂ ಖರ್ಚುಮಾಡದೆ ಧರ್ಮವಾಗಿ ನಡೆದುಕೊಳ್ಳಬಹುದಾದ ಸಂದರ್ಭಗಳುಂಟು. ಧಾರಾಳವಾಗಿ ಖರ್ಚುಮಾಡಿಯೂ ವಂಚನೆಯಲ್ಲಿ ಮುಗಿಯುವ ಕೆಲಸಗಳೂ ಉಂಟು.

ಈ ಮಾತನ್ನು ಪರೀಕ್ಷಿಸುವುದಕ್ಕೆ ಕನ್ನಡನಾಡಿನ ಮನೆಗಳಿಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಸ್ನೋಮೊಬೈಲ್ ಎಂಬ ಹಿಮವಾಹನ. ಮುಂಭಾಗದಲ್ಲಿ ಹಿಮದ ಮೇಲೆ ಜಾರುವ ಎರಡು ಪಟ್ಟಿಗಳು, ಅವುಗಳ ಮೇಲೆ ಪೆಟ್ರೋಲಿನ ಎಂಜಿನ್ನು, ಅದರ ಹಿಂದೆ ಸವಾರನು ಕುದುರೆಯ ಮೇಲೆ ಕೂತಂತೆ ಕೂರುವ ಪೀಠ, ಪೀಠದ ಕೆಳಗೆ ಬಿಡದೆ ಸುತ್ತುವ ಅಗಲವಾದ ರಬ್ಬರಿನ ಪಟ್ಟಿ. ಗಾಲಿಯ ಗಾಡಿಗಳು ಹೂತುಹೋಗುವ ಆಳವಾದ ಹಿಮದ ಮೇಲೆ ಇದು ತೇಲಿದಂತೆ ಓಡುತ್ತದೆ. ಕೆನಡಾದಲ್ಲಿಯೂ, ಅಮೆರಿಕದ ಮಿನ್ನೆಸೋಟ ಅಲಾಸ್ಕ ಸಂಸ್ಥಾನಗಳಲ್ಲಿಯೂ, ಯೂರೋಪಿನ ಉತ್ತರದ ಅಂಚಿನಲ್ಲಿಯೂ ಇದು ಕೆಲವರಿಗೆ ವಿನೋದದ ಸಾಧನ, ಕೆಲವರಿಗೆ ಜೀವನೋಪಾಯ. ಇಷ್ಟು ದೂರದ ಉದಾಹರಣೆ ಏತಕ್ಕೆಂದು ವಾಚಕರು ಕೇಳಬಹುದು. ಬಯಲುಸೀಮೆಯ ರಸ್ತೆಯಲ್ಲಿ ಮೋಟಾರು ಕೆಟ್ಟು ನಿಂತರೆ ಸವಾರನು ಬಯ್ದುಕೊಂಡು ಮರದ ನೆರಳಿನಲ್ಲಿ ಕುಳಿತು ಮುಂದಿನ ಬಸ್ಸಿಗೆ ಕಾಯುತ್ತಾನೆ. ಅವನ ತಪ್ಪಿಗೆ ದಂಡವು ಅರ್ಧ ದಿನ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಊರಿನಿಂದ ಹತ್ತು ಹದಿನೈದು ಮೈಲಿಯಾಚೆ, ಸಂಜೆ ಮೂರೂವರೆಗೇ ಕತ್ತಲಾಗುವ ಕಾಡಿನಲ್ಲಿ ಅದೇ ತಪ್ಪಿಗೆ ದಂಡವು ಕೈಬೆರಳುಗಳಾಗಬಹುದು, ಪ್ರಾಣವೂ ಆಗಬಹುದು. ತೂಕ ಹೆಚ್ಚಾದಾಗಲೇ ತಕ್ಕಡಿಯ ದೋಷ ಕಾಣುವುದು.

ಈ ವಾಹನದ ಚರಿತ್ರೆಯೇ ಒಂದು ದುಃಖದೊಡನೆ ಹೆಣೆದುಕೊಂಡಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ೧೯೦೭ರಲ್ಲಿ ಹುಟ್ಟಿದ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆ ಎಂಬಾತನು ಹದಿನೈದು ವರ್ಷದ ಹುಡುಗನಾಗಿದ್ದಾಗಲೇ ಹಳೆಯ ಫೋರ್ಡ್ ಎಂಜಿನ್ನೊಂದನ್ನು ಜಾರುಬಂಡಿಗೆ ಕಟ್ಟಿ, ಹಿಂದೆ ಮರದ ರೆಕ್ಕೆ ತಿರುಗಿಸಿ, ಹಿಮದ ಮೇಲೆ ಓಡಿಸಿದ್ದನು. ೧೯೩೪ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗಣ ಉರಿಯೂತದ ಬೇನೆ ಬಂದಿತು. ದಾರಿಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದವು. ಆಸ್ಪತ್ರೆಗೆ ಒಯ್ಯುವ ಉಪಾಯವಿಲ್ಲದೆ ಮಗು ತೀರಿಕೊಂಡಿತು. ಹಿಮವಾಹನದ ಪ್ರಯತ್ನದಲ್ಲಿ ಮೊದಲೇ ತೊಡಗಿದ್ದ ಆತನು ೧೯೩೭ರಲ್ಲಿ ತನ್ನ ಹಲ್ಲುಚಕ್ರ ಮತ್ತು ಸುತ್ತುಪಟ್ಟಿಯ ಏರ್ಪಾಟಿಗೆ ಹಕ್ಕುಪತ್ರ ಪಡೆದನು. ಏಳು ಮಂದಿ ಕೂರಬಹುದಾದ ಅವನ ಆಗಿನ ಗಾಡಿಗಳು ವೈದ್ಯರನ್ನೂ ಅಂಚೆಯನ್ನೂ ಸಾಗಿಸಿದವು. ಒಬ್ಬಿಬ್ಬರು ಸವಾರಿಮಾಡುವ ಚಿಕ್ಕ ವಾಹನ, ಈಗ ಲೋಕಕ್ಕೆ ಪರಿಚಿತವಾದದ್ದು, ೧೯೫೯ರಲ್ಲಿ ಬಂದಿತು. ಬೊಂಬಾರ್ಡಿಯೆ ೧೯೬೪ರಲ್ಲಿ ಕಾಲವಾದನು.

ಹೊಸ ವಾಹನದ ಬೆಲೆ ಅಲ್ಲಿಯ ಸಾಧಾರಣ ಸಂಸಾರಕ್ಕೂ ಹೊರೆಯಾದದ್ದು. ಆದಕಾರಣ ಹಳೆಯ ವಾಹನಗಳ ವ್ಯಾಪಾರ ದೊಡ್ಡದಾಗಿ ನಡೆಯುತ್ತದೆ. ಅವುಗಳಲ್ಲಿ ಅತಿ ಅಗ್ಗವಾಗಿ ಸಿಕ್ಕುವುದು ಎಂಜಿನ್ನು ಸುಟ್ಟ ವಾಹನ. ಮೈಕಟ್ಟು ಚೆನ್ನಾಗಿರುತ್ತದೆ, ಸುತ್ತುಪಟ್ಟಿ ಸವೆದಿರುವುದಿಲ್ಲ, ಎಂಜಿನ್ನು ಮಾತ್ರ ಹೋಗಿದೆ. ಮರ ಕಡಿಯುವ ಕೆಲಸದವನೊಬ್ಬನು ಇಂಥದೊಂದನ್ನು ಶರತ್ಕಾಲದಲ್ಲಿ ಕೊಂಡುತಂದು, ತನ್ನ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಹಿಮ ಬೀಳುವುದರೊಳಗೆ ಓಡುವಂತೆ ಮಾಡಬೇಕೆಂದು ಸಂಕಲ್ಪಿಸುತ್ತಾನೆಂದು ಇಟ್ಟುಕೊಳ್ಳೋಣ. ಅವನಲ್ಲಿ ಹಣ ಕಡಮೆ, ಸಂಜೆಗಳು ಧಾರಾಳ. ಅವನ ಮುಂದಿರುವ ಪ್ರಶ್ನೆಯೇ ಇಲ್ಲಿಯ ವಿಷಯ.

ಮೊದಲು ಎಂಜಿನ್ನು ಸುಡುವುದೆಂದರೇನೆಂಬುದನ್ನು ತಿಳಿಯಬೇಕು. ಹಳೆಯ ಹಿಮವಾಹನಗಳಲ್ಲಿ ಹೆಚ್ಚಿನವು ಎರಡು ಹೊಡೆತದ ಎಂಜಿನ್ನುಳ್ಳವು. ಇದರಲ್ಲಿ ಎಣ್ಣೆಗೆ ಬೇರೆ ಕೊಳವಿಲ್ಲ. ಪೆಟ್ರೋಲು, ಗಾಳಿ, ಸ್ವಲ್ಪ ಎಣ್ಣೆ ಇವು ಕೂಡಿದ ಆವಿಯು ಮೊದಲು ಪಿಸ್ಟನ್ನಿನ ಕೆಳಗಣ ಪೆಟ್ಟಿಗೆಯೊಳಗೆ ಹೊಕ್ಕು, ಅಲ್ಲಿಯ ತಿರುಗುದಂಡವನ್ನೂ ಬೇರಿಂಗುಗಳನ್ನೂ ನೆನೆಸಿ, ಅನಂತರ ಮೇಲಕ್ಕೆ ಏರಿ ಉರಿಯುತ್ತದೆ. ಅಂದರೆ ಆಹಾರವೂ ಅಭ್ಯಂಜನವೂ ಒಂದೇ ಬಾಯಿಯಿಂದ ಆಗಬೇಕು. ಪೆಟ್ರೋಲು ಕಡಮೆಯಾದರೆ ಎಂಜಿನ್ನು ಉಪವಾಸವಿರುವುದಷ್ಟೇ ಅಲ್ಲ. ಅದನ್ನು ತಂಪಾಗಿಡುವ ದ್ರವವೂ ಕಡಮೆಯಾಗುತ್ತದೆ, ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತಿದ್ದರೆ ಜಿಡ್ಡೂ ಕಡಮೆಯಾಗುತ್ತದೆ. ಅಲ್ಯೂಮಿನಿಯಮ್ ೬೬೦ ಡಿಗ್ರಿ ಶಾಖದಲ್ಲಿ ಕರಗುವ ಲೋಹ. ಪಿಸ್ಟನ್ ಅದರಿಂದಲೇ ಆದದ್ದು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ಇರುವ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಸುಮಾರು. ಶಾಖ ಮಿತಿಮೀರಿದರೆ ಪಿಸ್ಟನ್ ಹಿಗ್ಗಿ ಗೋಡೆಯನ್ನು ಕಚ್ಚುತ್ತದೆ, ಇಲ್ಲವೆ ಅದರ ತಲೆಯೇ ಕರಗಿ ತೂತಾಗುತ್ತದೆ. ಸವಾರನಿಗೆ ತಿಳಿಯುವುದು ಇಷ್ಟು: ಚೆನ್ನಾಗಿ ಓಡುತ್ತಿದ್ದ ಗಾಡಿ ಒಮ್ಮೆ ಬಿಗಿದಂತಾಯಿತು, ನಿಂತಿತು.

ಹಾಗಾದರೆ ಪೆಟ್ರೋಲು ಏಕೆ ಕಡಮೆಯಾಯಿತು? ಇಲ್ಲಿ ನಾಲ್ಕಾರು ಸಾಧ್ಯತೆಗಳುಂಟು. ವಾಹನವು ವರ್ಷದಲ್ಲಿ ಏಳೆಂಟು ತಿಂಗಳು ಸುಮ್ಮನೆ ನಿಂತಿರುವುದರಿಂದ ಉಳಿದ ಪೆಟ್ರೋಲು ಕಾರ್ಬ್ಯುರೇಟರಿನ ಕೂದಲೆಳೆಯಂಥ ರಂಧ್ರಗಳಲ್ಲಿ ಅಂಟಾಗಿ ಒಣಗಿರಬಹುದು. ತಿರುಗುದಂಡದ ಎರಡು ತುದಿಗಳಲ್ಲಿರುವ ರಬ್ಬರಿನ ಸೀಲುಗಳು ಬಿರುಕುಬಿಟ್ಟು, ಆ ಬಿರುಕಿನಿಂದ ಅಧಿಕವಾದ ಗಾಳಿ ಒಳಕ್ಕೆ ನುಗ್ಗುತ್ತಿರಬಹುದು. ಇನ್ನೊಂದು ಕಾರಣ ಉಷ್ಣದೇಶದವರಿಗೆ ವಿಚಿತ್ರವಾಗಿ ಕಾಣುವುದು: ಚಳಿ ಹೆಚ್ಚಿದಷ್ಟೂ ಎಂಜಿನ್ನು ಸುಡುವ ಭಯ ಹೆಚ್ಚು. ತಣ್ಣನೆಯ ಗಾಳಿ ಸಾಂದ್ರವಾದದ್ದು. ಸೊನ್ನೆ ಡಿಗ್ರಿಯ ಗಾಳಿಗಿಂತ ಸೊನ್ನೆಗೆ ಮೂವತ್ತು ಕೆಳಗಿನ ಗಾಳಿಯಲ್ಲಿ ಅದೇ ಗಾತ್ರಕ್ಕೆ ಹೆಚ್ಚುಕಡಮೆ ಎಂಟರಲ್ಲಿ ಒಂದು ಪಾಲು ತೂಕ ಹೆಚ್ಚು. ಗಾಳಿ ಅಷ್ಟು ಹೆಚ್ಚಿದರೆ ಪೆಟ್ರೋಲೂ ಅಷ್ಟೇ ಹೆಚ್ಚಬೇಕು. ಚಳಿಗೆ ತಕ್ಕಂತೆ ತಾನಾಗಿಯೇ ಸರಿಹೊಂದಿಸಿಕೊಳ್ಳುವ ಏರ್ಪಾಡಿಲ್ಲದ ಹಳೆಯ ಕಾರ್ಬ್ಯುರೇಟರಿನಲ್ಲಿ ರಂಧ್ರದ ತಿರುಪನ್ನು ಕೈಯಿಂದಲೇ ಬದಲಾಯಿಸದಿದ್ದರೆ, ಕೊರೆಯುವ ಚಳಿಯ ನಡುವೆಯೇ ಲೋಹ ಕರಗುತ್ತದೆ.

ಈಗ ಕೊಟ್ಟಿಗೆಯ ಮನುಷ್ಯನ ಪ್ರಲೋಭನವನ್ನು ನೋಡಬೇಕು. ತಲೆಯನ್ನು ಬಿಚ್ಚಿದ ಕೂಡಲೆ ತೂತಾದ ಪಿಸ್ಟನ್ ಕಣ್ಣಿಗೆ ಬೀಳುತ್ತದೆ. ದೋಷ ಸಿಕ್ಕಿತೆಂದು ಅವನಿಗೆ ಹರ್ಷ. ಪಿಸ್ಟನ್ನೂ ಅದರ ಉಂಗುರಗಳೂ ಒಂದು ವಾರದ ಸಂಬಳಕ್ಕೆ ಮೀರದೆ ಬರುತ್ತವೆ. ಹಾಕಿ ಮುಚ್ಚಿದರೆ ಎಂಜಿನ್ನು ಗರ್ಜಿಸುತ್ತದೆ. ಆದರೆ ಪಿಸ್ಟನ್ ಕೆಟ್ಟದ್ದೇ ಹೊರತು ಕೆಡಿಸಿದ್ದಲ್ಲ. ಅದು ಲಕ್ಷಣ, ನಿದಾನವಲ್ಲ. ಜ್ವರದವನ ಮೈಮೇಲೆ ತಣ್ಣೀರು ಬಟ್ಟೆ ಹಾಕಿ ವಾಸಿಯಾಯಿತೆನ್ನುವ ವೈದ್ಯನನ್ನು ಆಯುರ್ವೇದದಲ್ಲಿ ಯಾರೂ ವೈದ್ಯನೆಂದು ಒಪ್ಪುವುದಿಲ್ಲ. ಸೀಲಿನ ಬಿರುಕು ಹಾಗೆಯೇ ಉಳಿದಿದ್ದರೆ ಹೊಸ ಪಿಸ್ಟನ್ನೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ, ಮತ್ತು ಅದು ಕೊಟ್ಟಿಗೆಯಲ್ಲಿ ಸುಡುವುದಿಲ್ಲ; ಪೂರ್ಣವೇಗದಲ್ಲಿ, ಬಯಲಿನಲ್ಲಿ, ಮನೆಯಿಂದ ದೂರದಲ್ಲಿ ಸುಡುತ್ತದೆ.

ಇಂಥ ಅರೆಕೆಲಸಕ್ಕೆ ಬಡತನವೇ ಕಾರಣವೆಂದು ಹೇಳುವುದು ವಾಡಿಕೆ. ಹಣವಿದ್ದಿದ್ದರೆ ಸರಿಯಾಗಿ ಮಾಡಿಸುತ್ತಿದ್ದೆ ಎಂಬ ಮಾತು ಎಲ್ಲ ದೇಶದ ಕೊಟ್ಟಿಗೆಗಳಲ್ಲಿಯೂ ಕೇಳಿಬರುತ್ತದೆ. ಆದರೆ ಲೆಕ್ಕವನ್ನು ಬಿಡಿಸಿ ನೋಡಿದರೆ ಆಶ್ಚರ್ಯವಾದ ಸಂಗತಿ ಹೊರಬೀಳುತ್ತದೆ. ಕಾರಣವನ್ನು ಹುಡುಕುವ ಕೆಲಸವೇ ಇಡೀ ದುರಸ್ತಿಯಲ್ಲಿ ಅತ್ಯಂತ ಅಗ್ಗವಾದದ್ದು. ಸುಟ್ಟ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡುವುದಕ್ಕೆ ಕಾಸಿಲ್ಲ. ನಾಲ್ಕು ಮೂಲೆಗಳಲ್ಲಿಯೂ ಗೀರುಗಳಿದ್ದರೆ ಎಂಜಿನ್ನು ಬಿಸಿಯಾಗುವುದಕ್ಕೆ ಮುಂಚೆಯೇ ಓಡಿಸಿದ ಅವಸರ ಕಾರಣವಿರಬಹುದು, ಏಕೆಂದರೆ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಣ ಸಿಲಿಂಡರು ಇನ್ನೂ ತಣ್ಣಗಿರುತ್ತದೆ. ತಲೆ ಕರಗಿದ್ದರೆ ಪೆಟ್ರೋಲಿನ ಕೊರತೆಯನ್ನೋ ಕಿಡಿ ಹೊತ್ತುವ ಕಾಲದ ವ್ಯತ್ಯಾಸವನ್ನೋ ಶಂಕಿಸಬೇಕು. ಗಾಳಿ ಸೋರುವುದನ್ನು ಕಂಡುಹಿಡಿಯುವ ಪರೀಕ್ಷೆಗೆ ಬೇಕಾದದ್ದು ಎರಡು ರಬ್ಬರಿನ ಬಿರಡೆ, ಒಂದು ಬೈಸಿಕಲ್ ಪಂಪು, ಒಂದು ಒತ್ತಡದ ಮಾಪಕ, ಸ್ವಲ್ಪ ಸಾಬೂನಿನ ನೀರು. ಎಂಜಿನ್ನಿನ ಬಾಯಿಗಳನ್ನು ಬಿರಡೆಯಿಂದ ಮುಚ್ಚಿ, ಚದರ ಅಂಗುಲಕ್ಕೆ ಆರು ಪೌಂಡಿನಷ್ಟು ಒತ್ತಡ ತುಂಬಿ, ಕೆಲವು ನಿಮಿಷ ಮುಳ್ಳು ಇಳಿಯದೆ ನಿಲ್ಲುವುದೇ ಎಂದು ಕಾಯಬೇಕು. ಇಳಿದರೆ ಸಾಬೂನಿನ ಗುಳ್ಳೆ ಎಲ್ಲಿ ಎದ್ದಿತೆಂದು ನೋಡಬೇಕು. ಸೀಲಿನ ಬೆಲೆ ಪಿಸ್ಟನ್ನಿನ ಬೆಲೆಗಿಂತ ಕಡಮೆ. ಹೀಗಿರುವಾಗ ನಿದಾನವನ್ನು ಬಿಟ್ಟುಬಿಡುವವನು ಹಣವನ್ನು ಉಳಿಸಿದಂತಾಗಲಿಲ್ಲ, ಸಹನೆಯನ್ನು ಉಳಿಸಿಕೊಂಡನು. ಗರ್ಜನೆಯನ್ನು ಇಂದೇ ಕೇಳಬೇಕೆಂಬ ಆತುರಕ್ಕೆ ಬಡತನದ ಹೆಸರನ್ನು ಇಟ್ಟನು.

ನಿಜವಾದ ಮಿತವ್ಯಯಕ್ಕೆ ಅವಕಾಶ ಬೇಕಾದಷ್ಟಿದೆ, ಮತ್ತು ಅದು ನೋಡುವುದಕ್ಕೂ ಸೊಗಸಾದದ್ದು. ಸಿಲಿಂಡರಿನ ಗೋಡೆಗೆ ಕರಗಿದ ಅಲ್ಯೂಮಿನಿಯಮ್ ಮೆತ್ತಿಕೊಂಡಿದ್ದರೆ ಅನೇಕರು ಅದನ್ನು ಎಸೆದುಬಿಡುತ್ತಾರೆ. ಆದರೆ ಇತ್ತೀಚಿನ ಸಿಲಿಂಡರುಗಳ ಗೋಡೆಗೆ ನಿಕಲ್ ಮತ್ತು ಸಿಲಿಕನ್ ಕಾರ್ಬೈಡಿನ ಕಠಿಣವಾದ ಲೇಪವಿರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತಿಯ ಕಡ್ಡಿಯಿಂದ ಎಚ್ಚರಿಕೆಯಾಗಿ ಮುಟ್ಟಿಸಿದರೆ ಮೆತ್ತಿದ ಲೋಹ ನೊರೆಯಾಗಿ ಹೋಗಿ ಲೇಪವು ಕೆಳಗೆ ಅಖಂಡವಾಗಿ ಉಳಿದಿರುವುದುಂಟು. ಒಂದು ಸಂಜೆಯ ಕೆಲಸ, ಒಂದು ಸಿಲಿಂಡರಿನ ಬೆಲೆ. ಆಮ್ಲವು ಲೇಪವಿಲ್ಲದ ಮೈಗೆ ತಗುಲಿದರೆ ಅದನ್ನೇ ತಿಂದುಹಾಕುವುದರಿಂದ ಅವಸರದವನಿಗೆ ಈ ವಿದ್ಯೆ ಒದಗುವುದಿಲ್ಲ. ಇನ್ನೂ ಹಳೆಯ, ಎರಕದ ಕಬ್ಬಿಣದ ಒಳಗೋಡೆಯುಳ್ಳ ಸಿಲಿಂಡರಾದರೆ ಅದನ್ನು ಕಾಲು ಮಿಲಿಮೀಟರಿನಷ್ಟು ಕೊರೆಯಿಸಿ, ತಕ್ಕ ದಪ್ಪದ ಪಿಸ್ಟನ್ ಹಾಕಬಹುದು. ಇವೆಲ್ಲ ಶ್ರಮವನ್ನು ಕೊಟ್ಟು ಹಣವನ್ನು ಉಳಿಸಿಕೊಳ್ಳುವ ನ್ಯಾಯವಾದ ವಿನಿಮಯಗಳು.

ಆದರೆ ಶ್ರಮದಿಂದ ತೀರದ ಒಂದು ಸ್ಥಳವೂ ಈ ಎಂಜಿನ್ನಿನಲ್ಲಿದೆ. ಪಿಸ್ಟನ್ ಕರಗಿದಾಗ ಅದರ ಚೂರುಗಳು ಮೇಲೆಯೇ ನಿಲ್ಲುವುದಿಲ್ಲ. ತೂತಿನಿಂದ ಕೆಳಗಿಳಿದು ತಿರುಗುದಂಡದ ಬೇರಿಂಗುಗಳೊಳಗೆ ಸೇರಿಕೊಳ್ಳುತ್ತವೆ. ಈ ದಂಡವು ತುಂಡುತುಂಡಾಗಿ ಮಾಡಿ ದೊಡ್ಡ ಒತ್ತುಯಂತ್ರದಿಂದ ಬಿಗಿದು ಕೂಡಿಸಿದ್ದು. ಬೇರಿಂಗು ಹೋದರೆ ಮನೆಯ ಸುತ್ತಿಗೆ ತಿರುಪುಳಿಗಳಿಂದ ಬಿಚ್ಚಿ ಜೋಡಿಸಲು ಬರುವುದಿಲ್ಲ. ಮೊದಲು ಪೆಟ್ಟಿಗೆಯನ್ನು ಬಿಡಿಸಿ ತೊಳೆದು, ದಂಡವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಮರಳು ಅರೆದಂತೆ ಕೈಗೆ ತಟ್ಟುವುದೇ ಎಂದು ನೋಡಬೇಕು. ತಟ್ಟಿದರೆ ದಂಡವನ್ನು ಬಲ್ಲವರ ಕಾರ್ಖಾನೆಗೆ ಕಳುಹಿಸಬೇಕು, ಮತ್ತು ಆ ಖರ್ಚು ವಾಹನವನ್ನು ಕೊಂಡ ಬೆಲೆಯನ್ನೇ ಮೀರಬಹುದು. ಬಡವನ ಕಷ್ಟ ನಿಜವಾಗಿ ಇಲ್ಲಿದೆ. ಇಲ್ಲಿ ಯಾವ ಜಾಣ್ಮೆಯೂ ಅವನನ್ನು ಪಾರುಮಾಡಲಾರದು. ಅವನ ಮುಂದೆ ಮೂರು ದಾರಿಗಳು: ಸಾಲಮಾಡುವುದು, ತೊಳೆದಷ್ಟರಿಂದ ತೃಪ್ತನಾಗಿ ಮುಚ್ಚಿ ಓಡಿಸುವುದು, ಈ ಚಳಿಗಾಲವನ್ನು ಬಿಟ್ಟುಕೊಟ್ಟು ಮುಂದಿನ ವರ್ಷದವರೆಗೆ ಎಂಜಿನ್ನನ್ನು ಎಣ್ಣೆ ಹಚ್ಚಿ ಕಟ್ಟಿಡುವುದು. ಮೂರನೆಯದನ್ನು ಜನ ಸೋಲೆಂದು ಬಗೆಯುತ್ತಾರೆ. ಅರೆಬರೆ ಮಾಡಿದ ಕೆಲಸಕ್ಕೆ ಗೆಲುವಿನ ಸದ್ದು ಇರುವುದರಿಂದ ಮಾಡದೆ ಬಿಟ್ಟ ಕೆಲಸದಲ್ಲಿರುವ ಪ್ರಾಮಾಣಿಕತೆ ಕಿವಿಗೆ ಬೀಳುವುದಿಲ್ಲ.

ಹೀಗೆ ಹೇಳುವುದು ಹೊಟ್ಟೆ ತುಂಬಿದವರ ನೀತಿ ಎಂದು ಆಕ್ಷೇಪಿಸಬಹುದು, ಆ ಆಕ್ಷೇಪಣೆ ಹಗುರವಾದದ್ದಲ್ಲ. ಫಿನ್ಲೆಂಡಿನ ಉತ್ತರದಲ್ಲಿ ಸೆವೆಟ್ಟಿಯಾರ್ವಿ ಎಂಬ ಪ್ರದೇಶದ ಸ್ಕೋಲ್ಟ್ ಸಾಮಿ ಜನರು ಹಿಮಸಾರಂಗದ ಹಿಂಡುಗಳನ್ನು ಸಾಕಿ ಬದುಕುವವರು. ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಗೆ ಹಿಮವಾಹನ ಬಂದಿತು. ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೋ ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ಪರಿಣಾಮವನ್ನು ವಿವರಿಸಿದ್ದಾನೆ. ಬಂಡಿ ಎಳೆಯುತ್ತಿದ್ದ ಸಾರಂಗವು ಹಿಮದಡಿಯಲ್ಲಿ ಬೆಳೆಯುವ, ಕಲ್ಲುಹೂವಿನ ಜಾತಿಯ ಸಸ್ಯವನ್ನು ತಾನೇ ಕೆರೆದು ತಿನ್ನುತ್ತಿತ್ತು. ಅದಕ್ಕೆ ಹಣ ಬೇಕಿರಲಿಲ್ಲ. ಯಂತ್ರಕ್ಕೆ ಪೆಟ್ರೋಲೂ ಬಿಡಿಭಾಗಗಳೂ ಬೇಕು, ಅವಕ್ಕೆ ನಗದು ಬೇಕು. ಕೆಲವೇ ವರ್ಷಗಳಲ್ಲಿ ವಾಹನವಿಲ್ಲದೆ ಹಿಂಡನ್ನು ಕಾಯುವುದೇ ಅಸಾಧ್ಯವಾಯಿತು, ಖರ್ಚನ್ನು ತಾಳಲಾರದ ಎಷ್ಟೋ ಮನೆಗಳು ಹಿಂಡಿನ ಕಸಬನ್ನೇ ಬಿಟ್ಟವು. ಅಂಥವನಿಗೆ ಒಂದು ಚಳಿಗಾಲ ಸುಮ್ಮನಿರೆಂದು ಉಪದೇಶಿಸುವುದು ಉಪವಾಸವಿರೆಂದು ಹೇಳಿದಂತೆಯೇ. ಅವನು ಅರಿತು ಅಪಾಯವನ್ನು ಹೊತ್ತು ಹೊರಟರೆ ಅವನನ್ನು ದೂಷಿಸುವ ಹಕ್ಕು ಯಾರಿಗೂ ಇರಲಾರದು. ಆದರೆ ಅರಿತು ಎಂಬ ಮಾತನ್ನು ಇಲ್ಲಿ ಬಿಡಕೂಡದು. ಬೇರಿಂಗು ಸಂದೇಹದ್ದೆಂದು ತಿಳಿದು, ಜೊತೆಗಾರನೊಡನೆ ಮಾತ್ರ ಹೊರಟು, ದೂರ ಹೋಗದೆ, ನಡೆಯುವುದಕ್ಕೆ ಹಿಮಪಾದುಕೆಯನ್ನು ಕಟ್ಟಿಕೊಂಡು ಹೋಗುವವನಿಗೂ, ಎಲ್ಲವೂ ಸರಿಯಾಗಿದೆಯೆಂದು ತನಗೆ ತಾನೇ ಹೇಳಿಕೊಂಡು ಹೋಗುವವನಿಗೂ ಬಡತನ ಒಂದೇ. ನಡತೆ ಒಂದೇ ಅಲ್ಲ.

ಪ್ರಾಣ ಅವನದು, ಅಪಾಯವೂ ಅವನದು, ಮಿಕ್ಕವರಿಗೇನು ಎಂಬ ಇನ್ನೊಂದು ವಾದವೂ ಉಂಟು. ಇದು ನಿಲ್ಲುವುದಿಲ್ಲ. ರಾತ್ರಿಯಾದರೂ ಮನೆಗೆ ಬಾರದವನನ್ನು ಹುಡುಕುವುದಕ್ಕೆ ನೆರೆಯವರು ಅದೇ ಚಳಿಯಲ್ಲಿ, ಅದೇ ಬಗೆಯ ವಾಹನಗಳ ಮೇಲೆ ಹೊರಡುತ್ತಾರೆ.

ಎಲ್ಲಕ್ಕಿಂತ ಕಠಿಣವಾದ ಘಟ್ಟ ಮಾರಾಟದ್ದು. ಹಳೆಯ ಹಿಮವಾಹನವು ಒಬ್ಬನ ಕೈಯಲ್ಲಿ ಬಹುಕಾಲ ನಿಲ್ಲುವ ವಸ್ತುವಲ್ಲ. ಎರಡು ಚಳಿಗಾಲ ಓಡಿಸಿ ಅವನು ಅದನ್ನು ಮಾರಹೊರಡುತ್ತಾನೆ. ಎಂಜಿನ್ನನ್ನು ಹೊಸದಾಗಿ ಕಟ್ಟಿದೆ ಎಂದು ಹೇಳುತ್ತಾನೆ. ಈ ಮಾತಿಗೆ ಅರ್ಥವೇನು? ಹೊಸ ಪಿಸ್ಟನ್ ಹಾಕಿದವನೂ ಈ ಮಾತನ್ನೇ ಆಡುತ್ತಾನೆ, ದಂಡದವರೆಗೆ ಬಿಚ್ಚಿ ಕಾರಣವನ್ನು ಕಂಡು ಸರಿಪಡಿಸಿದವನೂ ಈ ಮಾತನ್ನೇ ಆಡುತ್ತಾನೆ. ರಥದ ಗಾಲಿ, ಅಚ್ಚು, ನೊಗಗಳಲ್ಲಿ ಯಾವುದು ರಥವೆಂದು ನಾಗಸೇನನು ಮಿಲಿಂದರಾಜನನ್ನು ಕೇಳಿದನೆಂದು ಬೌದ್ಧಗ್ರಂಥವೊಂದು ಹೇಳುತ್ತದೆ; ಈ ಸಂತೆಯಲ್ಲಿ ಆ ಪ್ರಶ್ನೆ ವೇದಾಂತವಾಗಿ ಉಳಿಯದೆ ಕ್ರಯದ ಚೌಕಾಸಿಯಾಗಿದೆ. ಸುಳ್ಳೊಂದನ್ನೂ ಆಡದೆ ಕೊಳ್ಳುವವನನ್ನು ಸುಳ್ಳಿನಲ್ಲಿ ನಿಲ್ಲಿಸುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕೇಳದ್ದನ್ನು ಹೇಳಬೇಕೆ ಎಂಬುದು ಪ್ರಾಚೀನವಾದ ಪ್ರಶ್ನೆ. ರೋಮಿನ ಸಿಸೆರೋ ಕ್ರಿ.ಪೂ. ೪೪ರಲ್ಲಿ ತನ್ನ ಮಗನಿಗೆಂದು ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಒಂದು ಮನೆಯ ಮಾರಾಟವನ್ನು ಚರ್ಚಿಸುತ್ತಾನೆ. ಮನೆಯ ತೊಲೆಗಳು ಹುಳುಕಾಗಿವೆ, ಮಲಗುವ ಕೋಣೆಗಳಲ್ಲಿ ಹಾವು ಬರುತ್ತವೆ. ಇದು ಒಡೆಯನಿಗೆ ಮಾತ್ರ ಗೊತ್ತು. ಅವನು ಸುಮ್ಮನಿದ್ದು ಮಾರಬಹುದೆ? ಕೊಳ್ಳೆಂದು ಯಾರೂ ಬಲಾತ್ಕರಿಸಲಿಲ್ಲ, ತನ್ನ ಮಾಲಿನ ದೋಷವನ್ನು ತಾನೇ ಸಾರುವ ಮೂರ್ಖನುಂಟೆ ಎಂದು ಡಯೋಜಿನೀಸ್ ಎಂಬ ತತ್ತ್ವಜ್ಞನ ಪಕ್ಷ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಕೆಟ್ಟದ್ದು ಎಂದು ಆಂಟಿಪೇಟರನ ಪಕ್ಷ. ಸಿಸೆರೋ ಎರಡನೆಯವನ ಕಡೆಗೇ ನಿಲ್ಲುತ್ತಾನೆ. ಸುಮ್ಮನಿರುವುದೆಲ್ಲವೂ ಮುಚ್ಚಿಡುವುದಲ್ಲ, ಇನ್ನೊಬ್ಬನು ತಿಳಿಯದಿರಲೆಂದು ತನ್ನ ಲಾಭಕ್ಕಾಗಿ ಸುಮ್ಮನಿರುವುದೇ ಮುಚ್ಚಿಡುವುದು ಎಂಬುದು ಅವನ ವಿವೇಚನೆಯ ಸಾರ. ಬೊಂಬಾರ್ಡಿಯೆಯ ಕ್ವಿಬೆಕ್ ಪ್ರಾಂತದಲ್ಲಿ ೧೯೯೪ರಿಂದ ಜಾರಿಯಲ್ಲಿರುವ ಸಿವಿಲ್ ಸಂಹಿತೆಯ ೧೭೨೬ನೆಯ ವಿಧಿಯೂ ಮಾರುವವನು ಗುಪ್ತದೋಷಗಳಿಗೆ ಹೊಣೆಯೆಂದು ವಿಧಿಸುತ್ತದೆ. ಎಚ್ಚರವುಳ್ಳ ಕೊಳ್ಳುವವನಿಗೆ ತಜ್ಞನ ನೆರವಿಲ್ಲದೆಯೇ ಕಾಣುವಂಥ ದೋಷಕ್ಕೆ ಹೊಣೆಯಿಲ್ಲ. ಆದರೆ ಕಾನೂನಿನ ಮುಂದೆ ದೋಷವು ಮೊದಲೇ ಇತ್ತೆಂದು ತೋರಿಸಬೇಕು. ಹಿಮದಲ್ಲಿ ಕರಗಿ ಚೂರಾದ ಪಿಸ್ಟನ್ ಯಾವ ಸೀಲಿನ ಯಾವ ಬಿರುಕಿನಿಂದ ಸತ್ತಿತೆಂದು ನ್ಯಾಯಾಲಯಕ್ಕೆ ತಿಳಿಸುವವರಾರು? ಬಿಚ್ಚಿದವನೊಬ್ಬನಿಗೆ ಅದು ಗೊತ್ತು.

ಆದಕಾರಣ ಅಲ್ಲಿಯ ಒಳ್ಳೆಯ ಕೈಗಾರರಲ್ಲಿ ಕೆಲವರು ಅನುಸರಿಸುವ ಒಂದು ಪದ್ಧತಿ ಗಮನಾರ್ಹವಾದದ್ದು. ದುರಸ್ತಿಯ ಕಾಲದಲ್ಲಿಯೇ ಒಂದು ಪುಸ್ತಕದಲ್ಲಿ ಏನೇನು ಬಿಚ್ಚಿದೆ, ಸುಟ್ಟ ಭಾಗ ಹೇಗಿತ್ತು, ಕಾರಣವೇನೆಂದು ತೋರಿತು, ಯಾವುದನ್ನು ಬದಲಾಯಿಸಿದೆ, ಹಣವಿಲ್ಲದೆ ಯಾವುದನ್ನು ಹಾಗೆಯೇ ಬಿಟ್ಟೆ ಎಂದು ಬರೆದಿಡುತ್ತಾರೆ. ಸುಟ್ಟ ಪಿಸ್ಟನ್ನನ್ನೂ ಎಸೆಯದೆ ಡಬ್ಬಿಯಲ್ಲಿಡುತ್ತಾರೆ. ಮಾರುವಾಗ ಪುಸ್ತಕವೂ ಡಬ್ಬಿಯೂ ವಾಹನದೊಡನೆ ಹೋಗುತ್ತವೆ. ಬಿಟ್ಟದ್ದನ್ನು ಬರೆದ ಸಾಲಿನಿಂದ ಬೆಲೆ ಇಳಿಯುವುದುಂಟು. ಆ ಇಳಿದಷ್ಟೇ ಅವನು ಅರೆಕೆಲಸದಲ್ಲಿ ಉಳಿಸಿದ್ದ ಹಣ. ಅದು ಈಗ ದಂಡವನ್ನು ಕಾರ್ಖಾನೆಗೆ ಕಳುಹಿಸಬೇಕಾದವನ ಕೈ ಸೇರುತ್ತದೆ.

ಎಂಜಿನ್ನು ಕೂಡಿದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಹೊಸ ಉಂಗುರಗಳು ಗೋಡೆಯೊಡನೆ ಹೊಂದಿಕೊಳ್ಳುವವರೆಗೆ ಪೆಟ್ರೋಲಿಗೆ ಎಣ್ಣೆಯನ್ನು ವಾಡಿಕೆಗಿಂತ ಹೆಚ್ಚಾಗಿ ಬೆರೆಸಬೇಕು, ವೇಗವನ್ನು ಏರಿಸಿ ಇಳಿಸಿ ನಡಸಬೇಕು, ಪೂರ್ಣವೇಗವನ್ನು ಮುಟ್ಟಕೂಡದು, ಪ್ರತಿದಿನವೂ ಹೊರಡುವ ಮುನ್ನ ಸಿಲಿಂಡರು ಕೈಗೆ ಬೆಚ್ಚಗೆ ತಾಗುವವರೆಗೆ ಕಾಯಬೇಕು. ಮೊದಲ ಕೆಲವು ಸವಾರಿಗಳನ್ನು ಬಲ್ಲವರು ಊರಿನ ಸುತ್ತಣ ಹೊಲಗಳಲ್ಲಿಯೇ ಮಾಡುತ್ತಾರೆ, ಗಾಡಿ ನಿಂತರೆ ಕತ್ತಲಾಗುವುದರೊಳಗೆ ನಡೆದು ಮನೆ ಸೇರುವಷ್ಟು ದೂರದಲ್ಲಿ.